ದರ್ಜಿಯ ಒಳಜೇಬು
ನಮ್ಮ ಕೆಳಮನೆಯ ದರ್ಜಿ ಅಂಗಿಯ ಒಳಮೈಗೆ ಒಂದು ದೊಡ್ಡ ಜೇಬು ಹೊಲಿದುಕೊಳ್ಳುತ್ತಾನೆ, ಅದರಲ್ಲಿ ಇಲಿಯೊಂದು ಇದ್ದೇ ಇರುತ್ತದೆ. ಬಗ್ಗುವಾಗಲೆಲ್ಲ ಅದು ಜಾರದಂತೆ ಎದೆಗೆ ಅಂಗೈ ಆನಿಸಿಕೊಳ್ಳುತ್ತಾನೆ. ಯಾರೋ ಸಾಕಿ ಕೈಬಿಟ್ಟ, ಮನುಷ್ಯರನ್ನು ಕಂಡರೆ ನಡುಗುವ ಇಲಿಗಳನ್ನು ತಂದು, ಅಂಜಿಕೆ ಬಿಡಿಸಿ, ಸಾಕುವವರಿಗೆ ಕೊಡುವ ಹುಚ್ಚು ಇವನಿಗೆ. "ಮೇಲಿಂದ ಕೈ ಹಾಕ್ಬೇಡಿ ಅಜ್ಜಿ, ಹದ್ದು ಅಂದ್ಕೊಳ್ತವೆ" ಎಂದು ನನಗೂ ಪಾಠ ಹೇಳುತ್ತಾನೆ. ಸದ್ದಾದೀತೆಂದು ಹೊಲಿಗೆ ಯಂತ್ರವನ್ನು ಎಷ್ಟು ಮೆಲ್ಲಗೆ ತುಳಿಯುತ್ತಾನೆಂದರೆ, ಬೇಸಿಗೆಗೆ ಕೊಟ್ಟ ಬಟ್ಟೆ ಚಳಿಗಾಲಕ್ಕೆ ಬರುತ್ತದೆ. "ನನ್ನ ಪರದೆ ಏನಾಯ್ತಪ್ಪಾ?" ಎಂದು ಕೇಳಿದರೆ, "ಶ್... ಮುದುರಿ ಈಗ್ತಾನೆ ಮಲಗಿದ್ಲು" ಎನ್ನುತ್ತಿದ್ದ. ಈ ಮುದುರಿ ಎಂಬ ಬಿಳಿ ಇಲಿ ಮಹಾ ಪುಕ್ಕಲು. ಯಾರು ನೋಡಲು ಬಂದರೂ ಜೇಬಿನ ತಳ ಸೇರುತ್ತಿದ್ದಳು, ಬಂದವರು ಬೇಡವೆಂದು ಎದ್ದು ಹೋಗುತ್ತಿದ್ದರು. "ಇವಳನ್ನ ಯಾರೂ ಒಯ್ಯಲ್ವೇನೋ" ಎಂದು ದರ್ಜಿಯ ಮುಖ ಬಾಡುತ್ತಿತ್ತು. ಮೊನ್ನೆ, ತನ್ನ ಮನೆಯ ಒಂಟಿ ಇಲಿಗೆ ಜೊತೆ ಹುಡುಕುತ್ತಿದ್ದ ಹೆಂಗಸೊಬ್ಬಳು ಬಂದು, ಅವನ ಎದೆಯ ಬಳಿ ಅಂಗೈ ಚಾಚಿ ಸುಮ್ಮನೆ ಕುಳಿತಳು. ಬಹಳ ಹೊತ್ತಾದ ಮೇಲೆ ಮುದುರಿ ಮೂತಿ ಹೊರಹಾಕಿ, ಮೂಸಿ ನೋಡಿ, ಆ ಅಂಗೈಗೆ ಇಳಿದಳು. "ಗೊತ್ತಿರೋ ವಾಸ್ನೆ ಜೊತೇಲಿರ್ಲಿ" ಎಂದು ದರ್ಜಿ ಆ ಜೇಬನ್ನೇ ಬಿಚ್ಚಿ ಕೊಟ್ಟ. ಇವತ್ತು ಪರದೆ ಕೇಳಲು ಹೋದಾಗ ಅವನ ಕೈಯಿಂದ ಸೂಜಿ ಕೆಳಗೆ ಬಿತ್ತು. ಅದನ್ನು ಹೆಕ್ಕಲು ಬಗ್ಗಿದವನು, ಜೇಬಿಲ್ಲದ ಎದೆಗೆ ಮೆಲ್ಲಗೆ ಅಂಗೈ ಆನಿಸಿಕೊಂಡೇ ಬಗ್ಗಿದ.