ಚಿಕ್ಕ ಗಂಟೆಯ ಹಗ್ಗ

ಗಂಟೆ ಚಿಕ್ಕಮ್ಮನ ಬಗ್ಗೆ ಬೀದಿಯವರು ಹೇಳುತ್ತಿದ್ದದ್ದು ಒಂದೇ ಮಾತು: ಅವಳು ತನ್ನ ನೆರಳಿಗೂ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುವವಳು. ಎದುರು ಮನೆಯ ಟೈಲರಮ್ಮನಿಗೆ ಅಷ್ಟು ಸಾಲದು. ಹಲ್ಲಿ ಲೊಚಗುಟ್ಟಿದರೆ ಚಿಕ್ಕಮ್ಮ ಆ ಹಲ್ಲಿಗೇ ತಪ್ಪಾಯ್ತು ಅನ್ನುತ್ತಾಳೆ ಎಂದು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಸೇರಿಸುತ್ತಿದ್ದಳು. ಪೂರ್ತಿ ಸುಳ್ಳೇನಲ್ಲ. ಕುಕ್ಕರ್ ಕೂಗಿದರೆ ಬೆಚ್ಚುವಳು, ಅಂಚೆಯವನು ಬಾಗಿಲು ತಟ್ಟಿದರೆ ಅಡುಗೆಮನೆಗೆ ಓಡುವಳು. ಫಾದರ್ ಎದುರಾದರಂತೂ ಸೆರಗನ್ನು ಬಾಯಿಗೊತ್ತಿಕೊಂಡು ಕೇಳಿದ್ದಕ್ಕೆಲ್ಲ ತಲೆಯಾಡಿಸುವಳು. ಅವರು ಹೋದ ಮೇಲೆ, ಏನು ಕೇಳಿದರು ಎಂದು ಅಕ್ಕನನ್ನು ಕೇಳುವಳು.

ಇಂಥವಳು ಚರ್ಚಿನ ಗೋಪುರದ ಕತ್ತಲೆಯಲ್ಲಿ, ಬಾವಲಿಗಳ ಕೆಳಗೆ ನಿಂತು ಹಗ್ಗ ಹಿಡಿದಳೆಂದರೆ ಬೇರೆಯೇ ಹೆಂಗಸು. ಆ ಕೆಲಸ ಅಪ್ಪನಿಂದ ಬಂದದ್ದು. ಗೂರಲು ಹತ್ತಿ ಅವನಿಗೆ ಹಗ್ಗ ಎಳೆಯಲಾಗದೆ ಹೋದಾಗ ಎರಡು ಜಡೆಯ ಹುಡುಗಿ ಹಿಡಿದಳು. ಜಡೆ ನರೆತು ತುರುಬಾದರೂ ಬಿಡಲಿಲ್ಲ.

ಗೋಪುರದಲ್ಲಿ ಎರಡು ಗಂಟೆ. ದೊಡ್ಡದು ದೊಡ್ಡವರ ಪೂಜೆಗೆ, ದೊಡ್ಡವರ ಸಾವಿಗೆ. ಚಿಕ್ಕದು ಮಕ್ಕಳದು. ಅದನ್ನು ಬಿಡದೆ ಸರಸರನೆ ಎಳೆದರೆ, ಬನ್ನಿ ಮಕ್ಕಳೇ, ಪೂಜೆಗೆ ಹೊತ್ತಾಯಿತು ಎಂದರ್ಥ. ಅದನ್ನೇ ಒಂದೊಂದಾಗಿ, ನಡುವೆ ಉಸಿರು ಬಿಟ್ಟು ಬಿಟ್ಟು ಎಳೆದರೆ, ಊರಿನಲ್ಲೊಂದು ಮಗು ತೀರಿಕೊಂಡಿದೆ ಎಂದರ್ಥ. ಜ್ಞಾನಸ್ನಾನದ ನೀರು ತಲೆಗೆ ಬೀಳುವ ಮೊದಲೇ ಹೋದ ಕೂಸಿಗೆ ಆ ಕಾಲದಲ್ಲಿ ಗಂಟೆಯೇ ಇರಲಿಲ್ಲ. ಸ್ಮಶಾನದ ಗೋಡೆಯಾಚೆ ಮಣ್ಣು ಮಾಡಿ ಬಂದುಬಿಡುತ್ತಿದ್ದರು. ಮಗಳು ಆಟಕ್ಕೆ ಹಗ್ಗ ಮುಟ್ಟಬಾರದೆಂದು ಅಪ್ಪ ಒಮ್ಮೆ ಹೆದರಿಸಿದ್ದ: "ಯಾರೂ ಸಾಯದೆ ಚಿಕ್ಕ ಗಂಟೇನ ನಿಧಾನ ಹೊಡೆದ್ಯೋ, ಅದು ಒಂದು ಮಗೂನ ಕೇಳುತ್ತೆ. ಕೊಡೋ ತನಕ ಸುಮ್ಮನಾಗಲ್ಲ." ಅಪ್ಪ ಮಣ್ಣು ಸೇರಿದ. ಮಾತು ಮಾತ್ರ ಮಗಳ ಎದೆಯಲ್ಲಿ ಕೂತುಬಿಟ್ಟಿತು.

ಆ ವರ್ಷ ಫಾದರ್ ಹೊಸಬರು. ಶಾಲೆ ಶುರುವಾಗುವ ದಿನ ಮಕ್ಕಳಿಗೆಲ್ಲ ಪೂಜೆ. ಹೊಸ ಬ್ಯಾಗುಗಳನ್ನು ಪೀಠದ ಮುಂದೆ ಸಾಲಾಗಿಟ್ಟು ತೀರ್ಥ ಚಿಮುಕಿಸುವುದು ವಾಡಿಕೆ. ಟೈಲರಮ್ಮನ ಮಿಷಿನ್ನು ಬೆಳಗಿನಿಂದ ಕಟಕಟ ಎನ್ನುತ್ತಲೇ ಇತ್ತು. ಊರಿನ ಅರ್ಧ ಯೂನಿಫಾರ್ಮು ಅವಳ ಕೈಯಲ್ಲೇ ಆಗಬೇಕು, ಸಾಲದ್ದಕ್ಕೆ ಮೊಮ್ಮಗಳು ಪುಟ್ಟಿ ಅಂದೇ ಒಂದನೇ ಕ್ಲಾಸಿಗೆ ಕಾಲಿಡುವವಳು. ಚಿಕ್ಕಮ್ಮ ಗೋಪುರದ ಕೆಳಗೆ ನಿಂತು ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಫಾದರ್ ಬಾಗಿಲಲ್ಲಿ ಬಂದು ನಿಂತರು. ಅವಳ ಬಿಳಿ ತಲೆ, ಕಡ್ಡಿಯಂಥ ತೋಳು ನೋಡಿ ಅವರಿಗೆ ಅಯ್ಯೋ ಅನಿಸಿತು.

"ನಿಧಾನ ಚಿಕ್ಕಮ್ಮ, ನಿಧಾನ. ಒಂದೊಂದೇ ಹೊಡೀರಿ, ಸಾಕು. ಕೈ ನೋಯಿಸ್ಕೋಬೇಡಿ."

ಹೇಳಿ ಹೋಗಲೂ ಇಲ್ಲ. ಕೈ ಹಿಂದೆ ಕಟ್ಟಿಕೊಂಡು, ನಗುತ್ತಾ ಅಲ್ಲೇ ನಿಂತರು. ಚಿಕ್ಕಮ್ಮ ಒಮ್ಮೆ ಹಗ್ಗ ನೋಡಿದಳು, ಒಮ್ಮೆ ಅವರ ಮುಖ ನೋಡಿದಳು. ಹೇಳಿದವರು ಫಾದರ್. ನೋಡುತ್ತಿರುವವರೂ ಫಾದರ್. ಅವಳು ಕಣ್ಣು ಮುಚ್ಚಿ ಎಳೆದಳು. ಉಸಿರು ಬಿಟ್ಟಳು. ಮತ್ತೆ ಎಳೆದಳು.

ಎದುರು ಬೀದಿಯಲ್ಲಿ ಮಿಷಿನ್ನು ನಿಂತಿತು. ಕುತ್ತಿಗೆಯಲ್ಲಿ ಅಳತೆ ಟೇಪು, ಕೈಯಲ್ಲಿ ಒಂದು ಬದಿ ಹೊಲಿದ ಲಂಗ ಹಿಡಿದೇ ಟೈಲರಮ್ಮ ಓಡಿ ಬಂದಳು. ಒಬ್ಬ ತಾಯಿ ಮೈಗೆ ಸೋಪು ಹಚ್ಚಿದ ಮಗುವನ್ನು ಹಾಗೆಯೇ ಸೊಂಟಕ್ಕೇರಿಸಿಕೊಂಡು ಬಂದಳು. ಅಂಗಳ ತುಂಬಿತು. ಬಂದ ಒಬ್ಬೊಬ್ಬಳೂ ಮೊದಲು ತನ್ನ ಮಗುವನ್ನು ಮುಟ್ಟಿ ನೋಡಿಕೊಂಡು, ಆಮೇಲೆ ಯಾರ ಮಗು ಕಾಣುತ್ತಿಲ್ಲ ಎಂದು ಸುತ್ತ ನೋಡುತ್ತಿದ್ದಳು. ಯಾರೂ ಅಳುತ್ತಿರಲಿಲ್ಲ. ಅಳಬೇಕಾದವಳು ಯಾರೆಂದು ಯಾರಿಗೂ ಗೊತ್ತಿರಲಿಲ್ಲ.

ಯಾರೂ ಹೋಗಿಲ್ಲವೆಂದು ತಿಳಿಯುವ ಹೊತ್ತಿಗೆ ಅರ್ಧ ಊರಿನ ಕೈಕಾಲು ತಣ್ಣಗಾಗಿತ್ತು. ನಿಧಾನ ಗಂಟೆಯ ಅರ್ಥವನ್ನು ಯಾರೋ ಫಾದರಿಗೆ ಬಿಡಿಸಿ ಹೇಳಿದರು. ಅವರ ಮುಖ ಕೆಂಪಾಯಿತು, ಬಾಯಿ ತೆರೆದರು. ಅಷ್ಟರಲ್ಲಿ ಚಿಕ್ಕಮ್ಮ ತನ್ನ ಕೈ ತಪ್ಪಿತು, ತಪ್ಪಾಯ್ತು ಎಂದುಬಿಟ್ಟಳು. ಫಾದರ್ ಬಾಯಿ ಮುಚ್ಚಿಕೊಂಡರು. ಹೊಸಬರು, ಪಾಪ.

ಮನೆಯಲ್ಲಿ ಅಕ್ಕನಿಗೆ ಮಾತ್ರ ನಿಜ ಹೇಳಿದಳು. ಅಕ್ಕ ಚರ್ಚಿನ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುವವಳು, ಹದಿನೆಂಟಕ್ಕೇ ವಿಧವೆಯಾಗಿ ತವರಿಗೆ ಮರಳಿದವಳು. ನಾಲಿಗೆ ಇಸ್ತ್ರಿಪೆಟ್ಟಿಗೆಯಷ್ಟೇ ಬಿಸಿ.

"ಬಾಯಿಗೇನು ಬೀಗ ಹಾಕ್ಕೊಂಡಿದ್ಯಾ? ಅದು ಸಾವಿನ ಗಂಟೆ ಫಾದರ್ ಅನ್ನೋಕೆ ಎಷ್ಟು ಹೊತ್ತು ಬೇಕು?"

"ಫಾದರ್ ಹೇಳಿದ್ರಲ್ಲ ಅಕ್ಕಾ."

ಅಕ್ಕ ಪೀಠದ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಹಾಗೇ ನಿಂತಳು. "ನಿನಗೆ ಯಾವಾಗಲೂ ಫಾದರ್ ಹೇಳಿರ್ತಾರೆ" ಎಂದಳು. ಬಟ್ಟೆ ಸೀದ ವಾಸನೆ ಬಂದ ಮೇಲೇ ಅವಳ ಕೈ ಕದಲಿದ್ದು.

ಅಂದಿನಿಂದ ಚಿಕ್ಕಮ್ಮ ಹಗ್ಗ ಮುಟ್ಟಲಿಲ್ಲ, ಹೊಟ್ಟೆಗೆ ಅನ್ನವೂ ಇಳಿಯಲಿಲ್ಲ. ಗಂಟೆ ಕೇಳಿಯಾಗಿದೆ, ಯಾವ ಮಗುವನ್ನು ಕೇಳಿದೆಯೋ ಗೊತ್ತಿಲ್ಲ. ಬೆಳಗಾದರೆ ಶಾಲೆಯ ಗೇಟಿನ ಬಳಿ ಹೋಗಿ ನಿಲ್ಲುವಳು. ಮಗುವೊಂದು ಗೇಟಿಗೆ ಜೋತುಬಿದ್ದು ಜೀಕಿದರೆ ಓಡಿಹೋಗಿ ಕೆಳಗಿಳಿಸುವಳು. ಶಾಲೆಯ ವ್ಯಾನು ಹಿಂದಕ್ಕೆ ಬಂದರೆ ಎರಡೂ ಕೈ ಚಾಚಿ ಅಡ್ಡ ಓಡುವಳು. ನೀರಿನ ತೊಟ್ಟಿಯ ಮುಚ್ಚಳದ ಮೇಲೆ ಕಲ್ಲು ಹೇರಿದಳು. ಯಾರಾದರೂ ಕೆಮ್ಮಿದರೆ ಆ ಕೆಮ್ಮನ್ನು ಮನೆಯ ತನಕ ಹೊತ್ತು ತರುವಳು. ಜಪಸರ ಹಿಡಿದು, ಈ ಮಗು ಬೇಡ ತಾಯಿ, ಈ ಮಗುವೂ ಬೇಡ ಎಂದು ಮಣಿಗೊಂದು ಮುಖ ನೆನೆಯುವಳು. ಸುತ್ತು ಮುಗಿದಾಗ, ಬಿಟ್ಟುಹೋದ ಮಗುವಿಗೇ ಏನಾದರೂ ಆದೀತೆಂದು ನಡುಗಿ ಮತ್ತೆ ಮೊದಲಿಂದ ಶುರು. ತಾಯಂದಿರಿಗೂ ಆ ಹೆದರಿಕೆ ಅಂಟಿತು. ಅವಳ ಕಣ್ಣಿಗೆ ಬೀಳದಂತೆ ಮಕ್ಕಳನ್ನು ಸೆರಗಿನ ಮರೆಯಲ್ಲಿ ದಾಟಿಸತೊಡಗಿದರು.

ಹೀಗಿರುವಾಗ ಒಂದು ದಿನ ಎದುರು ಮನೆಯ ಮಿಷಿನ್ನು ನಿಂತಿತು. ಪುಟ್ಟಿಗೆ ಜ್ವರ. ಔಷಧಿಗೆ ಇಳಿಯಲಿಲ್ಲ, ಮಗು ಕಣ್ಣು ತೆರೆಯಲಿಲ್ಲ, ಆಸ್ಪತ್ರೆಗೆ ಸೇರಿಸಿದರು. ಕಟಕಟ ಇಲ್ಲದ ಬೀದಿಯಲ್ಲಿ ಚಿಕ್ಕಮ್ಮನಿಗೆ ತನ್ನ ಎದೆಬಡಿತವೇ ಕೇಳಿಸುತ್ತಿತ್ತು. ಅದೂ ಒಂದೊಂದಾಗಿ, ನಿಧಾನವಾಗಿ. ಮಗುವಿನ ಬಟ್ಟೆ ತೆಗೆದುಕೊಂಡು ಹೋಗಲು ಬಂದ ಟೈಲರಮ್ಮ ನೇರ ಇವರ ಬಾಗಿಲಿಗೆ ಬಂದಳು. ಬಾಯಲ್ಲಿ ಗುಂಡುಸೂಜಿ ಇರಲಿಲ್ಲ. ಬೈಗುಳವೂ ಇರಲಿಲ್ಲ.

"ಚಿಕ್ಕಮ್ಮಾ, ನಿನಗೆ ಕೈಮುಗೀತೀನಿ. ನೀನು ಹೊಡೆದ ಗಂಟೇನ ವಾಪಸ್ ತಗೋ."

ಹೊಡೆದ ಗಂಟೆಯನ್ನು ಹೇಗೆ ವಾಪಸ್ ತೆಗೆದುಕೊಳ್ಳುವುದು? ಚಿಕ್ಕಮ್ಮ ಗೋಡೆಗೊರಗಿ ಹಾಗೇ ಜಾರಿ ಕೂತಳು. ಆಗ ಅಕ್ಕ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದಳು.

"ಆ ಗಂಟೆಗೆ ಒಂದು ಮಗು ಬೇಕು ತಾನೆ? ಯಾವತ್ತೋ ಸಿಕ್ಕಾಗಿದೆ. ನನ್ನ ಮಗ."

ಟೈಲರಮ್ಮನಿಗೆ ಏನೂ ತಿಳಿಯಲಿಲ್ಲ. ಅಕ್ಕನಿಗೊಬ್ಬ ಮಗನಿದ್ದ ಎಂಬುದೇ ಈಗ ಬೀದಿಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತೇ ಹೇಳಿದಳು. ಗಂಡ ಕೆಲಸದ ಕಡೆ ಬಿದ್ದು ಸತ್ತಾಗ ಅವಳು ತುಂಬಿದ ಬಸುರಿ. ತವರಲ್ಲಿ ಹೆತ್ತಳು. ಬೆಳಿಗ್ಗೆ ಹುಟ್ಟಿದ ಕೂಸು ಸಂಜೆಯವರೆಗೆ ಉಸಿರಾಡಿತು. ಅಂಥ ಹೊತ್ತಿನಲ್ಲಿ ಮನೆಯವರೇ ತಲೆಗೆ ಜ್ಞಾನಸ್ನಾನದ ನೀರು ಹಾಕಬಹುದಿತ್ತು. ಫಾದರ್ ಬರಲಿ, ಫಾದರ್ ಬರಲಿ ಎಂದು ಕಾದರು. ಪಕ್ಕದ ಊರಿಗೆ ಹೋಗಿದ್ದ ಆಗಿನ ಫಾದರ್ ಬರುವಾಗ ಕೂಸು ತಣ್ಣಗಾಗಿತ್ತು. ಎರಡು ಜಡೆಯ ತಂಗಿ ಗೋಪುರದಲ್ಲಿ ಹಗ್ಗ ಹಿಡಿದು ನಿಂತಿದ್ದಳು. ಬಿಡು, ಇದಕ್ಕೆ ಗಂಟೆ ಇಲ್ಲ ಎಂದರು ಅವರು. ಅವಳು ಬಿಟ್ಟಳು. ಬಾಣಂತಿ ಕೋಣೆಯಲ್ಲಿ ಅಕ್ಕ ಕತ್ತಲಾಗುವ ತನಕ ಕಿವಿಗೊಟ್ಟು ಮಲಗಿದ್ದಳು.

"ಅವತ್ತು ಹೊಡೀಬೇಕಾಗಿದ್ದನ್ನ ಇವಳು ಈಗ ಹೊಡೆದಿದ್ದಾಳೆ, ಅಷ್ಟೆ. ಅದು ನನ್ನ ಮಗನದು. ನಿನ್ನ ಮೊಮ್ಮಗಳಿಗೆ ಅದರಲ್ಲಿ ಪಾಲಿಲ್ಲ. ಹೋಗು, ಮಗು ಹತ್ತಿರ ಕೂತ್ಕೋ."

ಟೈಲರಮ್ಮ ಬಟ್ಟೆಯ ಗಂಟನ್ನು ಎದೆಗವಚಿಕೊಂಡು ಹೋದಳು. ಅಕ್ಕ ತಂಗಿ ಇಬ್ಬರೇ ಉಳಿದರು. ಆ ಕೂಸಿನ ಮಾತು ಅಕ್ಕನ ಬಾಯಲ್ಲಿ ಬಂದದ್ದು ಅದೇ ಮೊದಲು. ಚಿಕ್ಕಮ್ಮ ಕೇಳಿದಳು: "ಅವತ್ತು ಸ್ಕೂಲಿನ ದಿನ ನಿನಗೆ ಕೇಳಿಸ್ತಾ ಅಕ್ಕಾ?"

"ಎಲ್ಲ ಬಿಟ್ಟು ಕೂತು ಕೇಳಿದೆ. ಚೆನ್ನಾಗಿ ಹೊಡೆದೆ."

ಪುಟ್ಟಿಯ ಜ್ವರ ಇಳಿಯಿತು. ಈ ಕಾಲದಲ್ಲಿ ಮಕ್ಕಳಿಗೆಲ್ಲ ಬರುವ ಜ್ವರವೇ ಎಂದರು ಡಾಕ್ಟರು. ಇತ್ತ ಫಾದರ್ ಮನೆ ಬಾಗಿಲಿಗೇ ಬಂದು ತುಂಬ ಹೊತ್ತು ಮಾತಾಡಿದರು. ಚಿಕ್ಕಮ್ಮ ಸೆರಗು ಬಾಯಿಗೊತ್ತಿ ತಲೆಯಾಡಿಸಿದಳು. ಹೋದ ಮೇಲೆ, ಏನಂದರು ಎಂದು ಕೇಳಿದಳು. ತಪ್ಪು ನನ್ನದು, ಕ್ಷಮಿಸಿ ಅಂದರು, ಹಗ್ಗ ಮತ್ತೆ ಹಿಡೀರಿ ಅಂದರು ಎಂದಳು ಅಕ್ಕ. ಫಾದರೇ ತನ್ನ ಹತ್ತಿರ ಕ್ಷಮೆ ಕೇಳಿದ್ದಕ್ಕೆ ಹೆದರಿ ಆ ಭಾನುವಾರ ಅವಳು ಕೊನೆಯ ಬೆಂಚಿನಿಂದ ಮುಂದೆ ಬರಲಿಲ್ಲ. ಹಗ್ಗವನ್ನೂ ಮತ್ತೆ ಹಿಡಿಯಲಿಲ್ಲ. ಶಾಲೆಯ ಆಯಾ ಅದನ್ನು ಕಲಿತಳು.

ಹೆದರಿಕೆ ಹೋಗಲಿಲ್ಲ. ಪ್ರತಿ ವರ್ಷ ಶಾಲೆ ಶುರುವಾಗುವ ಬೆಳಿಗ್ಗೆ ಚಿಕ್ಕಮ್ಮ ಬಾಗಿಲು ಹಾಕಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುವಳು. ಗಂಟೆ ತಂಗಿಯ ಕಿವಿಗೆ ಬೀಳದಿರಲೆಂದು ಅಕ್ಕ ಇದ್ದಬದ್ದ ಪಾತ್ರೆಯನ್ನೆಲ್ಲ ರಾಶಿ ಹಾಕಿ ಢಣಢಣ ಉಜ್ಜುವಳು. ವರ್ಷಕ್ಕೊಂದು ದಿನ ನಿಮ್ಮ ಮನೆ ಪಾತ್ರೆಗೆ ದೆವ್ವ ಹಿಡಿಯುತ್ತೆ ಎಂದು ಟೈಲರಮ್ಮ ನಗುವಳು.

ಪುಟ್ಟಿ ಓದಿದಳು, ಬೆಳೆದಳು, ಅದೇ ಶಾಲೆಗೆ ಟೀಚರಾಗಿ ಬಂದಳು. ಮೊದಲ ದಿನ, ಗಂಜಿ ಹಾಕಿದ ಸೀರೆ ಸರಬರ ಎನ್ನಿಸುತ್ತಾ ಬಾಗಿಲಿಗೆ ಬಂದು, ನನ್ನ ಕ್ಲಾಸಿನ ಮಕ್ಕಳನ್ನ ನೋಡೋಕೆ ಪೂಜೆಗೆ ಬಾ ಅಜ್ಜಿ ಎಂದು ಹೇಳಿ ಓಡಿದಳು. ಸ್ವಲ್ಪ ಹೊತ್ತಿಗೆ ಗಂಟೆ ಶುರುವಾಯಿತು. ಅಕ್ಕ ಪಾತ್ರೆಗೆ ಕೈ ಹಾಕಿದಳು.

"ಇವತ್ತು ಬೇಡ ಅಕ್ಕಾ" ಎಂದಳು ಚಿಕ್ಕಮ್ಮ. ತೊಡೆಯ ಕೆಳಗಿನಿಂದ ಕೈ ತೆಗೆದು ಕಿವಿಗೊಟ್ಟಳು. ಚಿಕ್ಕ ಗಂಟೆ ಉಸಿರು ಬಿಡದೆ, ಸರಸರನೆ, ಒಂದರ ಮೇಲೊಂದು ಬಿದ್ದು ಓಡುತ್ತಿತ್ತು. ಹೆದರಿಕೆ ಅಲ್ಲೇ ಇತ್ತು. ಆದರೂ ಎದ್ದು ಸೀರೆ ಸರಿಮಾಡಿಕೊಂಡು ಬಾಗಿಲು ತೆರೆದಳು. ಪೂಜೆ ಮುಗಿಯುವ ಹೊತ್ತಿಗೆ ಕೊನೆಯ ಬೆಂಚಿನಲ್ಲಿ, ಪುಟ್ಟಿಯ ಹೆಗಲಿಗೊರಗಿ ತನ್ನ ಉಸಿರು ನಿಲ್ಲುತ್ತದೆಂದು ಆಗ ಅವಳಿಗೂ ಗೊತ್ತಿರಲಿಲ್ಲ, ಅಕ್ಕನಿಗೂ ಗೊತ್ತಿರಲಿಲ್ಲ.

"ಲೇ, ಎಡದ ಚಪ್ಪಲಿ ಬಲಕ್ಕೆ ಹಾಕ್ಕೊಂಡಿದ್ದೀಯ" ಎಂದಳು ಅಕ್ಕ ಒಳಗಿನಿಂದ.

"ಬಂದು ಸರಿಮಾಡ್ಕೋತೀನಿ ಬಿಡು" ಎಂದು ಚಿಕ್ಕಮ್ಮ ಮೆಟ್ಟಿಲಿಳಿದಳು.