ಕನ್ನಡಿ ಅಕ್ಕನ ಎಣ್ಣೆ ಹೊಳಪು

ಅಂಟಿಸಿದ ಉಗುರಿಗೆ ಹೊಳಪು ಬರಿಸುವುದರಲ್ಲಿ ಏನು ಮಹಾ ಇದೆ ಎಂದು ಮೂಗು ಮುರಿಯುವವರು ಕನ್ನಡಿ ಅಕ್ಕನ ಮುಂದೆ ಒಮ್ಮೆ ಕೈ ಚಾಚಿ ಕೂರಬೇಕು. ಒಂದೂವರೆ ಗಂಟೆ ಅಲ್ಲಾಡುವಂತಿಲ್ಲ. ಕೆನ್ನೆ ತುರಿಸಿಕೊಳ್ಳಲಿಕ್ಕೂ ಅವಳ ಅಪ್ಪಣೆ ಬೇಕು. ಅವಳಿಗೆ ಆ ಹೆಸರಿಟ್ಟವರು ಗಿರಾಕಿಗಳೇ. ಅವಳು ತಿಕ್ಕಿದ ಉಗುರಿನಲ್ಲಿ ತಲೆಯ ಮೇಲಿನ ಟ್ಯೂಬ್‌ಲೈಟು ಅದಕ್ಕಂಟಿದ ಸತ್ತ ಸೊಳ್ಳೆಯ ಸಮೇತ ಕಾಣುತ್ತಿತ್ತು. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಅವಳ ಕೆಲಸದಲ್ಲಿ ಅಡ್ಡದಾರಿ ಇರಲಿಲ್ಲ. ಮೊದಲು ಉಗುರು ಉಜ್ಜುವ ಒರಟು ಅರ, ಆಮೇಲೆ ನಡುವಿನದು, ಆಮೇಲೆ ನುಣ್ಣನೆಯದು. ಒಂದು ಅರ ಎಳೆದ ಗೀರನ್ನು ಮುಂದಿನ ಅರ ಅಳಿಸಬೇಕು. ನಡುನಡುವೆ ಪುಡಿಯನ್ನು ಬ್ರಷ್ಷಿನಿಂದ ಕೊಡವಬೇಕು, ಒರಟು ಕಣ ಒಂದೇ ಒಂದು ಉಳಿದರೂ ಮಾಡಿದ್ದೆಲ್ಲ ನೀರುಪಾಲು. ಒಂದೇ ಕಡೆ ತಿಕ್ಕಿದರೆ ಉಗುರು ಕಾದು ಗಿರಾಕಿ ‘ಅಮ್ಮಾ’ ಎನ್ನುತ್ತಾಳೆ, ಅದಕ್ಕೆ ಕೈ ಎತ್ತಿ ಎತ್ತಿ ತಿಕ್ಕಬೇಕು. ಕೊನೆಗೆ ಹೊಳಪು ಹತ್ತಿಸುವ ಬಫರು, ಒಂದು ಹನಿ ಎಣ್ಣೆ, ಸೋಪುನೀರಿನ ತೊಳೆತ, ಮೆತ್ತನೆಯ ಚರ್ಮದ ತುಂಡಿನಿಂದ ಒರೆತ. ಬಣ್ಣವೂ ಬೇಡ, ಜೆಲ್ಲೂ ಬೇಡ. ಉಗುರು ಬೆಳೆದು ಬುಡದಲ್ಲಿ ಸಂದು ಕಾಣುವವರೆಗೆ, ಅಂದರೆ ನಾಲ್ಕು ವಾರ, ಆ ಹೊಳಪು ಜಪ್ಪಯ್ಯ ಎಂದರೂ ಜಗ್ಗುತ್ತಿರಲಿಲ್ಲ.

ಮನೆಯಲ್ಲಿ ಇದಕ್ಕೆ ಕವಡೆ ಕಿಮ್ಮತ್ತಿರಲಿಲ್ಲ. ಅತ್ತೆ ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದವಳು. “ಉಗುರು ನಿಜದ್ದಲ್ಲ, ಅದನ್ನು ಉಜ್ಜೋಕೆ ಒಂದೂವರೆ ಗಂಟೆ! ಅಷ್ಟೊತ್ತಿಗೆ ನಾನು ನಲವತ್ತು ಹಾಸಿಗೆ ಬಟ್ಟೆ ಹಿಂಡಿ ಹಾಕ್ತಿದ್ದೆ ಕಣೇ,” ಎನ್ನುತ್ತಿದ್ದಳು. ಹಾಗೆಂದು ಸೊಸೆಯ ಚರ್ಮದ ತುಂಡಿನಿಂದ ತನ್ನ ಕನ್ನಡಕ ಒರೆಸಿಕೊಳ್ಳುವುದನ್ನೇನೂ ಬಿಟ್ಟಿರಲಿಲ್ಲ.

ಅವಳು ದುಡಿಯುತ್ತಿದ್ದ ಉಗುರು ಅಲಂಕಾರದ ಅಂಗಡಿಗೆ ಹೊಸ ಮೇಡಂ ಬಂದ ಮೇಲೆ ತಾಪತ್ರಯ ಶುರುವಾಯಿತು. ಮೇಡಂ ಮೂರು ದಿನದ ತರಬೇತಿ ಮುಗಿಸಿ ಬಂದಿದ್ದರು. ಅದರಲ್ಲಿ ಒಂದು ದಿನ ಊಟದ ಬಗ್ಗೆ ದೂರು ಕೊಡುವುದರಲ್ಲೇ ಕಳೆದಿತ್ತಂತೆ. ಉಳಿದ ಎರಡು ದಿನದಲ್ಲಿ ಕಲಿತದ್ದನ್ನೆಲ್ಲ ಒಂದು ಚಾರ್ಟು ಮಾಡಿ ಗೋಡೆಗೆ ಅಂಟಿಸಿದರು. ಯಾರ ಗಿರಾಕಿ ಹದಿನೈದು ದಿನದೊಳಗೆ ಮತ್ತೆ ಬರುತ್ತಾರೋ ಅವರಿಗೆ ಒಂದು ನಕ್ಷತ್ರ. ಜೆಲ್ಲು ಬಳಿಯುವ ಹುಡುಗಿಯರ ಹೆಸರಿನ ಮುಂದೆ ನಕ್ಷತ್ರಗಳ ರಾಶಿ ಬಿತ್ತು. ಕನ್ನಡಿ ಅಕ್ಕನ ಸಾಲು ಖಾಲಿ ಹೊಡೆಯಿತು. ತಿಂಗಳ ಕೊನೆಗೆ ಹೆಚ್ಚು ನಕ್ಷತ್ರದವರಿಗೆ ಕಿಟಕಿ ಪಕ್ಕದ ಕುರ್ಚಿ, ಕಡಿಮೆಯವರಿಗೆ ಹಿಂದಿನ ಕೋಣೆ ಎಂದು ಮೇಡಂ ಸಾರಿದರು.

ಹನ್ನೊಂದು ವರ್ಷದಿಂದ ಆ ಕಿಟಕಿಯ ಕುರ್ಚಿ ಅಕ್ಕನದು. ಹಿಂದಿನ ಕೋಣೆಯಲ್ಲಿ ಇದ್ದದ್ದು ನೀರಿನ ಟ್ಯಾಂಕು, ಮುರಿದ ಪೊರಕೆ, ಒಂದು ಹಳದಿ ಬಲ್ಬು. ಹಳದಿ ಬೆಳಕಿನಲ್ಲಿ ಗೀರು ಕಾಣುವುದಿಲ್ಲ. ಗೀರು ಕಾಣದಿದ್ದರೆ ಅವಳ ಕೆಲಸವೇ ಇಲ್ಲ.

“ನೀವು ಕೆಲಸ ಚೆನ್ನಾಗೇ ಮಾಡ್ತೀರಿ,” ಎಂದರು ಮೇಡಂ, ಅವಳನ್ನು ಪಕ್ಕಕ್ಕೆ ಕರೆದು. “ಅದೇ ನೋಡಿ ಸಮಸ್ಯೆ. ನಿಮ್ಮ ಹೊಳಪು ಇಷ್ಟು ದಿನ ಉಳಿದ್ರೆ ನಮ್ಮ ಅಂಗಡಿ ಎಷ್ಟು ದಿನ ಉಳಿಯುತ್ತೆ?”

“ಮತ್ತೇನು ಮಾಡ್ಲಿ ಮೇಡಂ?”

“ನಡುವಿನ ಅರ, ನುಣ್ಣನೆ ಅರ ಎರಡೂ ಬಿಟ್ಬಿಡಿ. ಒರಟು ಅರ ಆದ ಮೇಲೆ ಸೀದಾ ಎಣ್ಣೆ ಹಾಕಿ ಬಫರ್ ಹೊಡೀರಿ, ತೊಳೀಬೇಡಿ. ಎಣ್ಣೆ ಗೀರೊಳಗೆ ತುಂಬ್ಕೊಂಡು ಫಳಫಳ ಅನ್ನುತ್ತೆ. ಮನೇಲಿ ನಾಲ್ಕು ಸಲ ಕೈ ತೊಳ್ಕೊಂಡ್ರೆ ತಾವಾಗೇ ವಾಪಸ್ ಬರ್ತಾರೆ.”

“ಅದು ಮೋಸ ಅಲ್ವಾ?”

“ಛೆ ಛೆ! ಮೋಸ ಅನ್ಬೇಡಿ. ಗಿರಾಕಿ ಜೊತೆ ಸಂಬಂಧ ಬೆಳೆಸೋದು ಅನ್ನಿ.”

ಸಂಬಂಧ ಬೆಳೆಸುವುದಕ್ಕೆ ಅಕ್ಕ ಎರಡು ದಿನ ಒಪ್ಪಲಿಲ್ಲ. ಮೂರನೆಯ ದಿನ ಹಿಂದಿನ ಕೋಣೆಗೆ ಹೋಗಿ ಆ ಬಲ್ಬಿನ ಕೆಳಗೆ ಕೈಯಿಟ್ಟು ನೋಡಿ ಬಂದಳು, ಒಪ್ಪಿಕೊಂಡಳು.

ಅವತ್ತು ಮೊದಲು ಬಂದದ್ದು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವಾಕೆ. ಆರು ವರ್ಷದ ಗಿರಾಕಿ. “ದಿನಕ್ಕೆ ಸಾವಿರ ಜನ ಬರ್ತಾರೆ ಅಕ್ಕಾ, ಒಬ್ರೂ ನನ್ನ ಮುಖ ನೋಡಲ್ಲ. ಕೈ ಮಾತ್ರ ನೋಡ್ತಾರೆ,” ಎಂದು ನಗುವವಳು. ಕೈಗಳನ್ನು ಅಕ್ಕನಿಗೆ ಒಪ್ಪಿಸಿ, ಕುರ್ಚಿಗೆ ಒರಗಿ, ಬಾಯಿ ಅರ್ಧ ತೆರೆದು ನಿದ್ದೆ ಹೊಡೆಯುವುದು ಅವಳ ರೂಢಿ. ಅವತ್ತೂ ಹಾಗೇ ಮಲಗಿದಳು. ಅವಳು ಎಚ್ಚರವಿದ್ದಿದ್ದರೆ ಮೋಸಕ್ಕೆ ಅಕ್ಕನಿಗೆ ಕೈ ಬರುತ್ತಿತ್ತೋ ಇಲ್ಲವೋ. ಇಪ್ಪತ್ತೇ ನಿಮಿಷದಲ್ಲಿ ಕೆಲಸ ಮುಗಿಯಿತು. ಹಾಳಾದ್ದು, ಹೊಳಪು ಎಂದಿಗಿಂತ ಜೋರಾಗಿಯೇ ಬಂತು.

“ಇಷ್ಟು ಬೇಗ ಆಗೋಯ್ತಾ? ವಯಸ್ಸಾದ ಹಾಗೆ ಕೈ ಚುರುಕಾಗ್ತಿದೆ ನಿಮ್ಗೆ!” ಎಂದು ಅವಳು ಖುಷಿಯಾಗಿ ಹೋದಳು. ಅಕ್ಕ ತಲೆಯೆತ್ತಲಿಲ್ಲ.

ಆ ವಾರ ಹದಿನೆಂಟು ಜನರಿಗೆ ಎಣ್ಣೆ ಹೊಳಪಾಯಿತು. ಹೊಳಪು ಮಾಸಿ ಕೆಲವರು ಆಗಲೇ ಮರಳಿ ಬಂದು, ಚಾರ್ಟಿನಲ್ಲಿ ನಕ್ಷತ್ರಗಳು ಮೂಡತೊಡಗಿದವು. ಮೇಡಂ ಎಲ್ಲರ ಕೈಯಲ್ಲಿ ಚಪ್ಪಾಳೆ ಹೊಡೆಸಿದರು. ಹನ್ನೊಂದು ವರ್ಷ ಒಳ್ಳೆಯ ಕೆಲಸ ಮಾಡಿದಾಗ ಕೇಳದ ಚಪ್ಪಾಳೆ ಆರು ದಿನದ ಕಳ್ಳಗೆಲಸಕ್ಕೆ ಸಿಕ್ಕಿತು.

ಏಳನೆಯ ದಿನ ಟಿಕೆಟಿನಾಕೆ ಬಂದಳು. ಎರಡೂ ಕೈಗಳನ್ನು ಚೀಲದ ಹಿಂದೆ ಮರೆಮಾಡಿಕೊಂಡಿದ್ದಳು.

“ಬೈಬೇಡಿ ಅಕ್ಕಾ. ನಾನೇ ಏನೋ ಎಡವಟ್ಟು ಮಾಡ್ಕೊಂಡೆ. ಪಾತ್ರೆ ಸೋಪು ಬದಲಾಯಿಸಿದ್ದೆ, ಅದ್ರಿಂದಾನೇ ಇರ್ಬೇಕು. ನೀವು ಕಷ್ಟಪಟ್ಟು ಮಾಡಿದ್ದನ್ನ ಹಾಳು ಮಾಡ್ಬಿಟ್ಟೆ, ಕ್ಷಮಿಸ್ಬಿಡಿ.”

ಚಾಚಿದ ಕೈಗಳ ಹತ್ತೂ ಉಗುರು ಬೂದಿ ಬಡಿದಂತಿದ್ದವು. ಬೈದಿದ್ದರೆ ಅಕ್ಕ ತಡೆದುಕೊಳ್ಳಬಹುದಿತ್ತು. ತಪ್ಪು ತನ್ನದೆಂದು ಇವಳೇ ಕ್ಷಮೆ ಕೇಳುತ್ತಿದ್ದಾಳಲ್ಲ!

“ಸೋಪಿಂದಲ್ಲ ಕಣಮ್ಮ, ನನ್ನಿಂದ,” ಎಂದಳು, ಅಂಗಡಿಗೆಲ್ಲ ಕೇಳುವಂತೆ. “ಗೀರು ಹಾಗೇ ಬಿಟ್ಟು ಮೇಲೆ ಎಣ್ಣೆ ಬಳಿದು ಕಳಿಸಿದ್ದೆ.”

“ಗೊತ್ತಿದ್ದೇ ಮಾಡಿದ್ರಾ?”

“ಹೂಂ. ಗೊತ್ತಿದ್ದೇ.”

ಕಾಯುತ್ತಿದ್ದ ಹೆಂಗಸರು ತಮ್ಮ ತಮ್ಮ ಕೈ ನೋಡಿಕೊಂಡರು. ಆಗ ತಾನೇ ಹೊಳಪು ಮಾಡಿಸಿಕೊಂಡು ಎದ್ದಿದ್ದ ಒಬ್ಬಳು ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಹೆಬ್ಬೆರಳು ಒರೆಸಿದಳು. ಒಂದೇ ಒರೆತಕ್ಕೆ ಹೊಳಪು ಹತ್ತಿಯ ಪಾಲಾಯಿತು. ಆಮೇಲೆ ಕೇಳಬೇಕೆ! ಅಂಗಡಿ ಸಂತೆಯಾಯಿತು. ಒಬ್ಬೊಬ್ಬರದು ಒಂದೊಂದು ರಾಗ.

ಆದರೆ ತರಬೇತಿ ಪಡೆದವರು ಸುಮ್ಮನೆ ಸೋಲುತ್ತಾರೆಯೇ? ಮೇಡಂ ನಗುನಗುತ್ತಾ ನಡುವೆ ಬಂದು ನಿಂತರು. “ನೋಡಿದ್ರಲ್ಲ ವ್ಯತ್ಯಾಸ? ನಿಮಗೆ ತೋರಿಸ್ಬೇಕು ಅಂತಾನೇ ಇದನ್ನೆಲ್ಲ ಇಟ್ಕೊಂಡಿದ್ದು!” ಮಾರನೆಯ ಬೆಳಿಗ್ಗೆ ಕಿಟಕಿಯ ಮೇಲೆ ದೊಡ್ಡ ಬೋರ್ಡು ಬಂತು: ‘ಪ್ರಾಮಾಣಿಕ ಹೊಳಪು, ನಮ್ಮಲ್ಲಿ ಮಾತ್ರ.’ ಕೆಳಗೆ ಸಣ್ಣ ಅಕ್ಷರದಲ್ಲಿ ‘ಸಾಮಾನ್ಯ ಹೊಳಪೂ ದೊರೆಯುತ್ತದೆ.’ ಜನ ಎರಡಕ್ಕೂ ಸಾಲುಗಟ್ಟಿದರು. ಕಿಟಕಿಯ ಕುರ್ಚಿ ಅಕ್ಕನಿಗೇ ಉಳಿಯಿತು. ಆ ಕಡೆ ಹಾದುಹೋದ ಅತ್ತೆ ಬೋರ್ಡನ್ನು ಎರಡು ಸಲ ಓದಿ, “ಥೂ, ಇದನ್ನ ಬರೆದು ಬೇರೆ ಹಾಕ್ಬೇಕಾ?” ಎಂದು ಹೊರಟಳು.

ತಪ್ಪೊಪ್ಪಿಕೊಂಡ ದಿನವೇ ಟಿಕೆಟಿನಾಕೆಯ ಉಗುರನ್ನು ಅಕ್ಕ ಮೊದಲಿನಿಂದ ಮಾಡಿಕೊಟ್ಟಿದ್ದಳು. ಮೂರೂ ಅರ, ತೊಳೆತ, ಚರ್ಮ, ಒಂದನ್ನೂ ಬಿಡದೆ. ಅಂಥ ಹೊಳಪು ಹಿಂದೆಂದೂ ಅವಳ ಕೈಯಿಂದಲೂ ಬಂದಿರಲಿಲ್ಲ. ಆದರೆ ಆ ಒಂದೂವರೆ ಗಂಟೆ ಟಿಕೆಟಿನಾಕೆ ನಿದ್ದೆ ಮಾಡಲಿಲ್ಲ. ನೆಟ್ಟಗೆ ಕೂತು, ಅಕ್ಕ ಯಾವ ಅರ ಎತ್ತಿಕೊಳ್ಳುತ್ತಾಳೆಂದು ನೋಡುತ್ತಲೇ ಇದ್ದಳು.

ನಾಲ್ಕು ವಾರ ಕಳೆಯಿತು. ಉಗುರಿನ ಬುಡದಲ್ಲಿ ಸಂದು ಬಿಟ್ಟಿರಬೇಕು, ಇವತ್ತು ಬರುತ್ತಾಳೆ, ನಾಳೆ ಬರುತ್ತಾಳೆ ಎಂದು ಅಕ್ಕ ಬಾಗಿಲು ನೋಡಿದಳು. ಐದಾಯಿತು, ಆರಾಯಿತು. ಏಳನೆಯ ವಾರ ತಡೆಯಲಾರದೆ ಬಸ್ ನಿಲ್ದಾಣಕ್ಕೆ ಹೋಗಿ ಸಾಲಿನಲ್ಲಿ ನಿಂತಳು.

ಕಿಂಡಿಯಾಚೆ ಅವೇ ಕೈಗಳು. ಅಂಟಿಸಿದ ಉಗುರು ಒಂದೂ ಇರಲಿಲ್ಲ. ಸ್ವಂತ ಉಗುರನ್ನು ಮೊಟಕಾಗಿ ಕತ್ತರಿಸಿಕೊಂಡಿದ್ದಳು.

“ಎಲ್ಲಿಗೆ?” ಎಂದು ಕೇಳಿ ತಲೆಯೆತ್ತಿದವಳು ಅಕ್ಕನನ್ನು ಕಂಡು ಕೈಯಲ್ಲಿದ್ದ ಟಿಕೆಟ್ ಕಟ್ಟನ್ನು ಕೆಳಗಿಟ್ಟಳು.

“ಬಾಮ್ಮ ಒಂದಿನ. ಪುಕ್ಕಟೆ ಮಾಡಿಕೊಡ್ತೀನಿ,” ಎಂದಳು ಅಕ್ಕ.

“ನಿಮ್ಮ ಮೇಲೆ ಕೋಪ ಇಲ್ಲ ಅಕ್ಕಾ, ನಿಜವಾಗ್ಲೂ. ನಾನು ಅಲ್ಲಿಗೆ ಬರ್ತಿದ್ದಿದ್ದೇ ಒಂದೂವರೆ ಗಂಟೆ ನೆಮ್ಮದಿಯಾಗಿ ನಿದ್ದೆ ಮಾಡೋಕೆ. ಇನ್ನು ಅದು ಬರಲ್ಲ.”

ಹಿಂದಿನಿಂದ ಯಾರೋ, “ಬೇಗ ಬೇಗ, ಬಸ್ ಹೊರಡ್ತಿದೆ!” ಎಂದು ಗದರಿದರು. ಅಕ್ಕ ಬಾಯಿಗೆ ಬಂದ ಊರಿನ ಹೆಸರು ಹೇಳಿ, ಚೀಟಿ ತೆಗೆದುಕೊಂಡು, ತನಗೆ ಯಾವ ಕೆಲಸವೂ ಇಲ್ಲದ ಕಡೆಗೆ ಹೋಗುವ ಬಸ್ಸು ಹತ್ತಿ ಕೂತಳು.