ನನ್ನ ಫೋನಿಗಾಗಿ ಜಗಳಕ್ಕೆ ನಿಂತ ಖಾಲಾ

ಖಾಲಾ ಬಾಯಲ್ಲಿ ಯಾವಾಗಲೂ ಗುಂಡುಪಿನ್ನುಗಳಿರುತ್ತಿದ್ದವು. ತುಟಿಯ ಎಡತುದಿಯಲ್ಲಿ ಅವನ್ನು ಸಾಲಾಗಿ ಕಚ್ಚಿಕೊಂಡು ಬಲತುದಿಯಿಂದ ಮಾತಾಡುತ್ತಿದ್ದರು. ಒಂದೊಂದೇ ಪಿನ್ನು ತೆಗೆದು ತೋಳಿನ ಬಟ್ಟೆಗೆ ಚುಚ್ಚಿಕೊಳ್ಳತೊಡಗಿದರೆಂದರೆ ಯಾರಿಗೋ ಮಂಗಳಾರತಿ ಕಾದಿದೆ ಎಂದೇ ಲೆಕ್ಕ.

ಸಿಂಧನೂರಿನಲ್ಲಿ ಅಕ್ಕಿ ಗಿರಣಿಯ ಹಿಂದಿನ ಓಣಿ ನಮ್ಮದು. ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಮುಸ್ಲಿಮರ ಮನೆ ಅದು; ಚಿಕ್ಕಮ್ಮನಿಗೆ ಅವರು ಅನ್ನುವ ‘ಖಾಲಾ’ ಎಂದೇ ನಾನೂ ಕರೆಯುತ್ತಿದ್ದೆ. ಓಣಿಯ ಹೆಣ್ಣುಮಕ್ಕಳಿಗೆಲ್ಲ ಬಟ್ಟೆ ಹೊಲಿಯುತ್ತಿದ್ದವರು ಅವರೇ. ಅಳತೆ ತೆಗೆಯುವಾಗ ಪರದೆ ಎಳೆದು, ಜೊತೆಗೆ ಬಂದ ತಾಯಂದಿರನ್ನೂ ಹೊರಗೆ ಕೂರಿಸುತ್ತಿದ್ದರು. “ಹಾಕ್ಕೊಳ್ಳಾಕಿ ಆಕಿ. ಬಿಗಿ ಎಷ್ಟು, ಸಡಿಲ ಎಷ್ಟು, ಆಕೀನ ಹೇಳಲಿ. ನೀವು ಚಾ ಕುಡೀರಿ” ಎನ್ನುವರು.

ಹಾಗಂತ ಮೆತ್ತಗಿನ ಹೆಂಗಸೇನಲ್ಲ. ಅವರಿಗೆ ನನ್ನ ಓರಗೆಯ ಮಗಳಿದ್ದಳು, ನನ್ನ ಜೀವದ ಗೆಳತಿ. ಅವಳಿಗೆ ಫೋನ್ ಕೊಡಿಸಿದ ದಿನ ಪಕ್ಕದಲ್ಲೇ ಕೂರಿಸಿಕೊಂಡು ಅದಕ್ಕೆ ಲಗಾಮು ಹಾಕಿಸಿದರು. ರಾತ್ರಿ ಊಟದ ಹೊತ್ತಿಗೆ ಇಂಟರ್‌ನೆಟ್ ಬಂದ್. ಹೊಸ ಆ್ಯಪ್ ಹಾಕಿಕೊಳ್ಳಬೇಕೆಂದರೆ ಖಾಲಾ ಒಪ್ಪಬೇಕು. ಅವಳು ಅತ್ತಳು, ಕೂಗಾಡಿದಳು, ಇವರು ಜಗ್ಗಲಿಲ್ಲ. ಆದರೆ ಮಗಳ ಮೆಸೇಜು ಓದುವ ಸೌಲಭ್ಯ ಬೇಕೇ ಎಂದು ಫೋನು ಕೇಳಿದಾಗ ಬೇಡವೆಂದು ಒತ್ತಿಸಿದರು. ಅಲ್ಲೇ ಕೂತಿದ್ದ ನಾನು ಯಾಕೆಂದು ಕೇಳಿದೆ.

“ನಾ ಈಕಿ ವಯಸ್ಸಿನ್ಯಾಗ ಗೆಳತ್ಯಾರ ಜೋಡಿ ಏನೇನ್ ಮಾತಾಡೀನಿ ನನಗ ಗೊತ್ತೈತಿ. ನಮ್ಮ ಅಮ್ಮಿ ಕೇಳಿದ್ರ ಕಾಲು ಮುರೀತಿದ್ಲು. ಮಾತಾಡಿದ್ದಕ್ಕ ನಾ ಏನ್ ಕೆಟ್ಟು ಹೋದ್ನೇನು?” ಎಂದರು.

ನಮ್ಮ ಮನೆಯ ಕಥೆಯೇ ಬೇರೆ. ನನಗೆ ಫೋನ್ ಕೊಡಿಸಿದವನು ಲಿಂಗಸುಗೂರಿನ ಸೋದರಮಾವ, ಅವ್ವನ ತಮ್ಮ. ನಾನು ತೊಟ್ಟಿಲಲ್ಲಿದ್ದಾಗಲೇ ಅವನಿಗೆಂದು ಮಾತಾಗಿತ್ತು. ನಮ್ಮಲ್ಲಿ ಅದು ರೂಢಿ. ನನ್ನನ್ನು ಮಾತ್ರ ಯಾರೂ ಕೇಳಿರಲಿಲ್ಲ. ಫೋನಿನಲ್ಲಿ ‘ಪಾಲಕರು’ ಎಂದಿದ್ದ ಕಡೆ ಅಪ್ಪನ ನಂಬರ್ ಹಾಕಬೇಕಿತ್ತು, ಇಲ್ಲವೇ ಅವ್ವನದು. ಇಬ್ಬರೂ ನಗುನಗುತ್ತ ಮಾವನ ನಂಬರ್ ಹಾಕಿಸಿದರು. “ನಾಳೆ ನೋಡ್ಕೊಳ್ಳಾವ ಅವನ ಅಲ್ಲೇನು?” ಎಂದಳು ಅವ್ವ. ಅಂದಿನಿಂದ ನಾನು ಕಾಲೇಜಿಗೆ ಎಷ್ಟು ಹೊತ್ತಿಗೆ ಹೋದೆ, ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಹೊತ್ತು ನಿಂತೆ, ಯಾರಿಗೆ ಏನು ಬರೆದೆ, ಎಲ್ಲವೂ ಅವನಿಗೆ ಹೋಗುತ್ತಿತ್ತು. ಮೂವತ್ತರ ಹತ್ತಿರದ ಗಂಡಸು ಹದಿನಾರರ ಹುಡುಗಿಯ ಮಾತನ್ನೆಲ್ಲ ಕೂತು ಓದುವುದಕ್ಕೆ ನಮ್ಮ ಮನೆಯವರು ‘ಕಾಳಜಿ’ ಎಂದು ಹೆಸರಿಟ್ಟಿದ್ದರು. ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ.

ಒಂದು ಭಾನುವಾರ ಅವನು ಬಂದು ಪಡಸಾಲೆಯಲ್ಲಿ ಕೂತ. ಅಪ್ಪ, ಅವ್ವ, ಮಸ್ಕಿಯಿಂದ ಬಂದಿದ್ದ ದೊಡ್ಡಪ್ಪ ಎಲ್ಲರ ಮುಂದೆ ನನ್ನ ಮೆಸೇಜುಗಳನ್ನು ಗಟ್ಟಿಯಾಗಿ ಓದತೊಡಗಿದ. ಮಾವನನ್ನು ಮದುವೆಯಾಗಲು ಮನಸ್ಸಿಲ್ಲ, ಓದಿ ಟೀಚರ್ ಆಗಬೇಕು ಎಂದು ಗೆಳತಿಗೆ ಬರೆದಿದ್ದೆ. ಮುಟ್ಟಿನ ನೋವಿನ ಬಗ್ಗೆ ಬರೆದದ್ದನ್ನೂ ಬಿಡಲಿಲ್ಲ ಆ ಪುಣ್ಯಾತ್ಮ. ಮುಗಿಸಿ, “ಕಾಲೇಜು ಸಾಕು, ಬಿಡಿಸ್ರಿ. ಇಷ್ಟು ಕಲ್ತಿದ್ದಕ್ಕ ಇಂಥಾ ಬುದ್ಧಿ ಬಂದೈತಿ” ಎಂದ. ಅಪ್ಪ ತಲೆಯಾಡಿಸಿದರು. ಅವ್ವ ನೆಲ ನೋಡುತ್ತ ಕೂತಿದ್ದಳು.

ಗೋಡೆಯಾಚೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಖಾಲಾ ಕೊರಳಲ್ಲಿ ಟೇಪು ಹಾಕಿಕೊಂಡೇ ಒಳಗೆ ಬಂದರು.

“ಆ ಮೆಸೇಜು ಯಾರಿಗೆ ಬರದಿದ್ದು?”

“ಇದು ನಮ್ಮ ಮನಿ ವಿಚಾರ ಐತ್ರಿ. ನೀವು ನಡೀರಿ” ಎಂದ ಮಾವ.

“ಅದರಾಗ ಅರ್ಧಾ ಮಾತು ನನ್ನ ಮಗಳದು. ಹೆತ್ತಾಕಿ ನಾನ ಓದಿಲ್ಲ. ನೀ ಯಾಂವ ಓದಾಕ?”

“ಹುಡುಗಿ ಮ್ಯಾಲೆ ನಿಗಾ ಇಡಬಾರದೇನ್ರಿ?”

“ಇಡಬೇಕು. ಅಪ್ಪ ಅವ್ವ ಇಡ್ತಾರ, ಆಕಿಗೆ ಹೇಳೇ ಇಡ್ತಾರ. ಈಗ ನಿನ್ನ ಫೋನ್ ಕೊಡು ಇಲ್ಲೆ. ನಾಳೆ ಈಕೀನ ಕಟ್ಕೊಳ್ಳಾವ ಅಂತೀಯಲ್ಲ, ನಿನ್ನ ಮೆಸೇಜೂ ಎಲ್ಲಾರ ಮುಂದ ಓದೂಣು.”

ಮಾವ ಫೋನನ್ನು ಗಬಕ್ಕನೆ ಅಂಗಿಯ ಜೇಬಿಗೆ ಸೇರಿಸಿ ಮೇಲೆ ಕೈ ಇಟ್ಟುಕೊಂಡ. ಅಪ್ಪ ಆ ಕೈಯನ್ನೇ ನೋಡಿದರು.

“ಯಾಕಪಾ, ಕೊಡು ನೋಡೂಣು” ಎಂದರು.

ಅವನು ಕೊಡಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದ.

ಅವನ ನಂಬರ್ ತೆಗೆದು ಅವ್ವನ ನಂಬರ್ ಹಾಕುವವರೆಗೂ ಖಾಲಾ ಅಲ್ಲಿಂದ ಕದಲಲಿಲ್ಲ. “ಮೆಸೇಜು ಓದೂದು ತಗೀರಿ. ಆದ್ರ ಟೈಮ್ ಮಾತ್ರ ಕಟ್ರಿ. ಇವಳೇನ್ ಕಡಿಮಿ ಇಲ್ಲ, ವಿಡಿಯೋ ನೋಡಿ ನೋಡಿ ಕಣ್ಣು ಒಳಗ ಹೋಗ್ಯಾವ” ಎಂದು ನನಗೂ ಬೈದು ಹೋದರು.

ನನ್ನ ಕಾಲೇಜು ಉಳಿಯಿತು. ಮದುವೆಯ ಮಾತು ಮುರಿಯಿತು. ಖಾಲಾಗೆ ಸಿಕ್ಕಿದ್ದೇನು? ಮನೆ ಮುರಿದವಳೆಂಬ ಹೆಸರು. ನಮ್ಮ ಮಂದಿಯ ಹೆಂಗಸರೆಲ್ಲ ಕುಪ್ಪಸ ಹೊಲಿಸಲು ಪೇಟೆಗೆ ಹೋಗತೊಡಗಿದರು. ಅವ್ವನೂ ಹೋದಳು. ತವರು ಮುನಿಸಿಕೊಳ್ಳುತ್ತದೆ ಎಂಬ ನೆಪ ಬೇರೆ. ಮಗಳನ್ನು ಉಳಿಸಿದ ಹೆಂಗಸಿನ ಹೊಸ್ತಿಲು ತುಳಿಯಲು ಇವಳಿಗೆ ಅಂಜಿಕೆಯಂತೆ. ಹಬ್ಬಕ್ಕೆ ಹೋಳಿಗೆ ಕೊಡಲು ನಾನೊಬ್ಬಳೇ ಹೋಗುತ್ತಿದ್ದೆ.

“ಅವ್ವಗ ಬೈಬ್ಯಾಡ” ಎನ್ನುವರು ಖಾಲಾ. “ಆಕಿಗೂ ತವರಿಗೆ ಹೋಗಿ ಬರೂದಿರತೈತಿ.” ಅಷ್ಟು ಸಿಟ್ಟಿನ ಹೆಂಗಸಿಗೆ ಅವ್ವನ ಮೇಲೆ ಮಾತ್ರ ಸಿಟ್ಟು ಬರಲಿಲ್ಲ. ನನಗೆ ಬಂತು, ಹೋಗಲೇ ಇಲ್ಲ.

ಈಗ ಬಳಗಾನೂರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಅದು ಖಾಲಾ ಕೊಡಿಸಿದ ಕೆಲಸವೆಂದೇ ನನ್ನ ನಂಬಿಕೆ. ಹೋದ ಮಳೆಗಾಲದಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದವರು ಜೀವಂತ ಮರಳಲಿಲ್ಲ. ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ಅವ್ವ ಎಷ್ಟೋ ವರ್ಷಗಳ ಮೇಲೆ ಆ ಮನೆಯೊಳಗೆ ಬಂದು, ಅವರ ಕಾಲ ಬಳಿ ಕೂತು, ಬಿಕ್ಕಿ ಬಿಕ್ಕಿ ಅತ್ತಳು.

“ಅಕ್ಕಾ, ಅವತ್ತು ನಾ ಆಡಬೇಕಾದ ಮಾತು ನೀ ಆಡಿದಿ” ಎಂದಳು.

ಸುತ್ತಲಿದ್ದ ಹೆಂಗಸರು ಕಣ್ಣೊರೆಸಿಕೊಂಡರು. ನಾನು ಅವ್ವನ ರಟ್ಟೆ ಹಿಡಿದು ಎಬ್ಬಿಸಿದೆ.

“ಖಾಲಾಗ ಕೇಳಸ್ತಿದ್ದಾಗ ಹೇಳಬೇಕಿತ್ತು ನೀ” ಎಂದೆ.